ಭಾವನ ಜ್ವರ, ನನ್ನ ಕಾರ್ಡು

ಪರದೇಶದಲ್ಲಿ ಒಂದು ಮಂಚಕ್ಕೆ ಇಬ್ಬರು ಎಂದರೆ ನಮ್ಮ ಕಟ್ಟಡದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನನ್ನದು ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಭಾವನದು ಎತ್ತರದ ಕಟ್ಟಡಗಳ ಕಿಟಕಿ ಗಾಜು ಒರೆಸುವ ಹಗಲಿನ ಕೆಲಸ. ಬೆಳಿಗ್ಗೆ ನಾನು ರೂಮಿಗೆ ಬರುವ ಹೊತ್ತಿಗೆ ಅವರು ಬೂಟಿನ ಲೇಸು ಕಟ್ಟುತ್ತಿರುತ್ತಿದ್ದರು. “ಬಂದ್ಯಾ?” “ಹೊರಟ್ರಾ?” ಇಷ್ಟೇ ನಮ್ಮ ಸಂಸಾರ. ಅವರ ಮೈಬಿಸಿ ಇನ್ನೂ ಆರದ ಹಾಸಿಗೆಗೆ ನಾನು ಬಿದ್ದುಕೊಳ್ಳುತ್ತಿದ್ದೆ. ಇಡೀ ಕಟ್ಟಡದಲ್ಲಿ ನಮ್ಮಷ್ಟು ಹೊಂದಿಕೊಂಡು ಬಾಳಿದ ಭಾವ ಮೈದುನರು ಇನ್ನೊಂದು ಜೋಡಿ ಇರಲಿಲ್ಲ. ಜಗಳವಾಡಬೇಕಾದರೂ ಇಬ್ಬರೂ ಒಟ್ಟಿಗೆ ಎಚ್ಚರ ಇರಬೇಕಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕ ಎಂದರೆ ನನಗೆ ಹೆಚ್ಚುಕಡಿಮೆ ಅಮ್ಮ. ಅಮ್ಮ ತೀರಿಕೊಂಡಾಗ ನನಗೆ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ನನ್ನ ತಲೆ ಬಾಚಿದ್ದು, ಮಗ್ಗಿ ಕಲಿಸಿದ್ದು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದ್ದು ಎಲ್ಲ ಅಕ್ಕನೇ. ಅವಳ ಮದುವೆಯ ದಿನ ನಾನು ಕಾರಿನ ಬಾಗಿಲು ಹಿಡಿದುಕೊಂಡು ಬಿಡಲಿಲ್ಲವಂತೆ, ಕಡೆಗೆ ಭಾವನೇ ನನ್ನನ್ನೂ ಎತ್ತಿ ಕಾರಿನೊಳಗೆ ಹಾಕಿಕೊಂಡರಂತೆ. ಆಮೇಲೆ ನಾನು ಬೆಳೆದದ್ದು ಅವರ ಮನೆಯಲ್ಲೇ.

ಆ ಋಣಕ್ಕೆ ಭಾವನನ್ನು ಇಲ್ಲಿಗೆ ಕರೆಸಿದ್ದು ನಾನು. ಬಂದ ಹೊಸತರಲ್ಲಿ ಅವರ ವಾಸದ ಕಾರ್ಡು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ಕಾರ್ಡಿಲ್ಲದವರಿಗೆ ಇಲ್ಲಿ ಫೋನಿನ ಸಿಮ್ ಕೊಡುವುದಿಲ್ಲ. ಅಕ್ಕನ ದನಿ ಕೇಳದೆ ಭಾವ ಊಟ ಬಿಟ್ಟು ಕೂತರು. ನೋಡಲಾಗದೆ ನನ್ನ ಕಾರ್ಡು ತೋರಿಸಿ ನನ್ನ ಹೆಸರಿನಲ್ಲೇ ಇನ್ನೊಂದು ಸಿಮ್ ತೆಗೆದು ಅವರ ಕೈಗಿಟ್ಟೆ. ನಮ್ಮ ಕಟ್ಟಡದಲ್ಲಿ ಹೊಸಬರಿಗೆ ಹಳಬರು ಮಾಡುವ ಮೊದಲ ಉಪಕಾರವೇ ಇದು. ನನಗೂ ಹಿಂದೆ ಒಬ್ಬರು ಹೀಗೇ ಮಾಡಿದ್ದರು. ಆಮೇಲೆ ಭಾವನ ಕಾರ್ಡು ಬಂತು, ಆದರೆ ಅಕ್ಕನಿಗೆ ಬಾಯಿಪಾಠವಾದ ನಂಬರನ್ನು ಯಾಕೆ ಬದಲಾಯಿಸುವುದು ಎಂದು ಹಾಗೇ ಬಿಟ್ಟೆವು. ಹೀಗಾಗಿ ಭಾವನ ಫೋನು ಭಾವನ ಜೇಬಿನಲ್ಲಿದ್ದರೂ ಸರ್ಕಾರದ ಕಡತದಲ್ಲಿ ಅದು ನನ್ನ ಫೋನು. ಅದರಿಂದ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ.

ರೋಗ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಗಾಜು ಒರೆಸದಿದ್ದರೆ ಯಾರೂ ಸಾಯುವುದಿಲ್ಲ, ಹಾಗಾಗಿ ಭಾವನ ಕೆಲಸ ನಿಂತಿತು. ಬ್ರೆಡ್ ಎಲ್ಲರಿಗೂ ಬೇಕು, ನನ್ನ ಕೆಲಸ ಇನ್ನೂ ಹೆಚ್ಚಿತು. ಕಂಪನಿಯ ಬಸ್ಸು ನಮ್ಮನ್ನು ಬಾಗಿಲಿಂದ ಹೊತ್ತೊಯ್ದು ಬಾಗಿಲಿಗೇ ತಂದು ಬಿಡುತ್ತಿತ್ತು, ನಡುವೆ ಎಲ್ಲೂ ಕಾಲಿಡುವಂತಿರಲಿಲ್ಲ. ಬೆಳಿಗ್ಗೆ ಒಲೆಯ ಶಾಖದಲ್ಲಿ ಬೆಂದು ಬಂದರೆ ಮಂಚದ ಮೇಲೆ ಭಾವ. ಪಾಪ, ಏಳುತ್ತಿದ್ದರು. ಎದ್ದು ಎಲ್ಲಿಗೆ ಹೋಗಬೇಕು? ರೂಮಿನಲ್ಲಿ ಇನ್ನೂ ನಾಲ್ವರು, ಕಾರಿಡಾರಿನಲ್ಲಿ ನಿಲ್ಲುವಂತಿಲ್ಲ, ಮೆಟ್ಟಿಲಿಗೆ ಅಡ್ಡ ಪಟ್ಟಿ ಕಟ್ಟಿ ಕಾವಲುಗಾರನನ್ನು ಕೂರಿಸಿದ್ದರು. ಭಾವ ಕಾಲು ಸುಟ್ಟ ಬೆಕ್ಕಿನಂತೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದರು. ಕೈ ಸುಮ್ಮನಿರದೆ ಇದ್ದ ಒಂದೇ ಕಿಟಕಿಯ ಗಾಜನ್ನು ಒಳಗಿಂದ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದರು. ಹೊರಗಡೆಯ ಧೂಳು ಮಾತ್ರ ಹಾಗೇ ಇತ್ತು, ಅಲ್ಲಿಗೆ ಕೈ ಎಟುಕುತ್ತಿರಲಿಲ್ಲ.

ಅವರ ಚಡಪಡಿಕೆಗೆ ಬೇರೆ ಕಾರಣವಿತ್ತು. ಅಕ್ಕ ಬಸುರಿ. ಎರಡು ಸಲ ಕೈಗೆ ಬಂದದ್ದು ಕೈ ತಪ್ಪಿ, ಇನ್ನು ಆಗುವುದಿಲ್ಲ ಎಂದು ಮೂವರೂ ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ, ಭಾವ ರಜೆಗೆ ಹೋಗಿ ಬಂದದ್ದರ ಫಲ. ಡಾಕ್ಟರು ನೋಡಿ, ದಿನ ತುಂಬುವ ತನಕ ಕಾಯುವುದು ಬೇಡ, ಆಪರೇಷನ್ ಮಾಡಿ ಮಗುವನ್ನು ತೆಗೆಯೋಣ, ಜೊತೆಗೆ ಮನೆಯವರು ಯಾರಾದರೂ ಇರಲೇಬೇಕು ಎಂದಿದ್ದರು. ಯಾರಿದ್ದಾರೆ? ಭಾವನ ಅಣ್ಣ ಇದ್ದ ಬೀದಿಗೆ ಬೇಲಿ ಹಾಕಿ ಮುಚ್ಚಿದ್ದರು. ಪಕ್ಕದ ಮನೆಯ ಟೀಚರು ಕಿಟಕಿಯಿಂದ ಊಟ ದಾಟಿಸುತ್ತಿದ್ದರು, ಆದರೆ ಆಸ್ಪತ್ರೆ ಎಂದರೆ ಅವರಿಗೆ ಹೆದರಿಕೆ, ಮನೆಯಲ್ಲಿ ವಯಸ್ಸಾದ ತಂದೆ. ಅವರದು ತಪ್ಪು ಎನ್ನುವಂತಿರಲಿಲ್ಲ.

“ಹೋದ ಸಲ ಆಟೋ ಹಿಡ್ಕೊಂಡು ಒಬ್ಬಳೇ ಹೋದೆ ಕಣೋ,” ಎಂದು ಅಕ್ಕ ಫೋನಿನಲ್ಲಿ ಹೇಳಿದಳು. “ಬರುವಾಗ್ಲೂ ಒಬ್ಬಳೇ ಬಂದೆ. ಇನ್ನೊಂದು ಸಲ ಹಾಗೆ ಹೋಗೋಕೆ ನನ್ನ ಕೈಲಿ ಆಗಲ್ಲ. ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಬನ್ನಿ.”

ಅಕ್ಕ ಯಾವತ್ತೂ ಏನನ್ನೂ ಕೇಳಿದವಳಲ್ಲ. ಅವಳು ಕೇಳಿದ್ದು ಇದೊಂದೇ.

ವಿಶೇಷ ವಿಮಾನ ಬಿಡುತ್ತಾರೆ ಎಂದು ಸುದ್ದಿ ಬಂದದ್ದೇ ತಡ, ಕಾಗದಗಳ ಬೇಟೆ ಶುರುವಾಯಿತು. ಕಂಪನಿಯ ಒಪ್ಪಿಗೆ ಪತ್ರ ಬೇಕು. ಪತ್ರ ಕೊಡುವ ಮ್ಯಾನೇಜರು ತಾನೇ ಮನೆಯಲ್ಲಿ ಬೀಗ ಹಾಕಿಕೊಂಡು ಕೂತಿದ್ದ. ಬಿಳಿ ಹಿನ್ನೆಲೆಯ ಫೋಟೋ ಬೇಕು. ನಾನು ಕಾರ್ಖಾನೆಯಲ್ಲಿ ಮೈದಾ ಚೀಲಗಳ ಮುಂದೆ ನಿಂತು ತೆಗೆಸಿಕೊಂಡೆ, ಭಾವ ಬೆನ್ನ ಹಿಂದೆ ನಮ್ಮ ಮಂಚದ ಹೊದಿಕೆ ಹಿಡಿಸಿಕೊಂಡು ತೆಗೆಸಿಕೊಂಡರು. ಅವರದು ತಿರಸ್ಕಾರವಾಯಿತು. ಹೊದಿಕೆ ಬಿಳಿಯಲ್ಲ, ಬೂದು ಎಂದರಂತೆ. “ಒಗೆಯೋದು ನಿನ್ನ ಪಾಳಿ ಆಗಿತ್ತು,” ಎಂದು ಭಾವ ನನ್ನ ಮೇಲೆ ಹರಿಹಾಯ್ದರು. ಊರಿಗೆ ಇಳಿದ ಮೇಲೆ ಎಲ್ಲರೂ ಹೋಟೆಲಿನಲ್ಲಿ ಪ್ರತ್ಯೇಕವಾಗಿ ಕೂತು ದಿನ ಕಳೆಯಬೇಕು. ಮನೆಯಲ್ಲಿ ಆಪರೇಷನ್ನೋ ಸಾವೋ ಇದ್ದವರಿಗೆ ಮಾತ್ರ ಆಸ್ಪತ್ರೆಯ ಪತ್ರದ ಮೇಲೆ ವಿನಾಯಿತಿ. ಅಕ್ಕನ ಡಾಕ್ಟರು ಅಂಥ ಪತ್ರವನ್ನು ನಮ್ಮಿಬ್ಬರ ಹೆಸರಿಗೂ ಕೊಟ್ಟರು. ಕಡೆಯದಾಗಿ, ಫೋನಿನಲ್ಲಿ ಆರೋಗ್ಯದ ಆ್ಯಪು ಹಾಕಿಕೊಂಡು ಅದರಲ್ಲಿ ಅವರವರ ಕಾರ್ಡಿನ ನಂಬರು ಒತ್ತಿದರೆ ಹಸಿರು ಬರಬೇಕು. ಹಸಿರು ಬಂದರೆ ವಿಮಾನ, ಕೆಂಪು ಬಂದರೆ ರೋಗಿಗಳ ಶೆಡ್ಡು.

ಇಬ್ಬರಿಗೂ ಒಂದೇ ವಿಮಾನದಲ್ಲಿ ಸೀಟು ಸಿಕ್ಕಿತು, ಗುರುವಾರಕ್ಕೆ. ಭಾವ ಹಾಸಿಗೆಯ ಮೇಲೆ ನಿಂತು ಕುಣಿದರು. ಮೇಲಿನ ಮಂಚಕ್ಕೆ ತಲೆ ಬಡಿಯಿತು. ಆದರೂ ನಗುತ್ತಲೇ ಇದ್ದರು.

ಅದಕ್ಕೆ ಮೊದಲಿನ ಭಾನುವಾರ ನಮ್ಮ ಕಟ್ಟಡಕ್ಕೆ ಪರೀಕ್ಷೆಯ ವ್ಯಾನು ಬಂತು. ಸಾಲಾಗಿ ನಿಲ್ಲಿಸಿ ಮೂಗಿಗೆ ಕಡ್ಡಿ ಹಾಕಿದರು. ಮೇಜಿನ ಹಿಂದಿದ್ದವನು ಅವಸರದಲ್ಲಿದ್ದ. ಕಾರ್ಡು ನೋಡಲಿಲ್ಲ, “ಫೋನ್ ನಂಬರ್ ಹೇಳಿ” ಎಂದಷ್ಟೇ ಕೇಳಿ ಒತ್ತಿಕೊಂಡ. ಭಾವ ಅವರ ನಂಬರು ಹೇಳಿದರು, ನಾನು ನನ್ನದು ಹೇಳಿದೆ. ಅದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ.

ಮಾರನೆಯ ದಿನ ಕೆಲಸದಿಂದ ಬಂದು ಮಲಗಿದಾಗ ಹಾಸಿಗೆ ಎಂದಿಗಿಂತ ಬಿಸಿಯಾಗಿತ್ತು. ನನಗೆ ಅದು ಗೊತ್ತಾಗಬೇಕಿತ್ತು. ಭಾವನ ಮೈಯ ಹದವಾದ ಕಾವು ನನ್ನ ಬೆನ್ನಿಗೆ ರೂಢಿಯಾಗಿತ್ತು, ಇದು ಬೇರೆ. “ಜ್ವರ ಏನಾದ್ರೂ ಇದೆಯಾ ಭಾವ?” ಎಂದೆ. “ಹೊದ್ದು ಮಲಗಿದ್ದೆ ಅಷ್ಟೇ,” ಎಂದರು. ಕೆಮ್ಮಿದರು. “ಧೂಳು,” ಎಂದರು. ಇಡೀ ಊರಿನಲ್ಲಿ ಧೂಳಿಲ್ಲದ ಒಂದೇ ಜಾಗ ಅವರು ಉಜ್ಜಿಟ್ಟ ಆ ರೂಮು.

ಅದಾದ ಮರುದಿನ ಫಲಿತಾಂಶ ಬಂತು. ಭಾವನ ಫೋನಿಗೆ ಬಂದ ಸಂದೇಶ: ಸೋಂಕು ಇದೆ. ನನ್ನದಕ್ಕೆ: ಸೋಂಕು ಇಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಆ್ಯಪು ತೆರೆದೆವು. ಭಾವನದು ಹಸಿರು. ನನ್ನದು ಕೆಂಪು.

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಭಾವ ಹೇಳಿದ ನಂಬರು ಕಡತದಲ್ಲಿ ಯಾರದ್ದು? ನನ್ನದು. ಹಾಗಾಗಿ ಅವರ ಮೂಗಿನ ರೋಗ ನೇರ ಹೋಗಿ ನನ್ನ ಕಾರ್ಡಿನ ಮೇಲೆ ಕೂತಿತ್ತು. ಒಂದೇ ಕಾರ್ಡಿಗೆ ಒಂದು ಇದೆ, ಒಂದು ಇಲ್ಲ ಬಂದಾಗ ಯಂತ್ರ ಇದೆ ಅನ್ನುವುದನ್ನೇ ಹಿಡಿದುಕೊಂಡಿತು. ಭಾವನ ಕಾರ್ಡಿಗೆ ಪರೀಕ್ಷೆಯೇ ಆಗಿರಲಿಲ್ಲ, ಅದು ಶುದ್ಧ ಹಸಿರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಮೇಷ್ಟರು ಬರೆಸಿದಾಗ ನಗು ಬಂದಿತ್ತು, ಈಗ ನಾನೇ ಎಮ್ಮೆಯಾಗಿ ನಿಂತಿದ್ದೆ.

ಏನು ಮಾಡುವುದು ಎಂದು ನಾವು ಮಾತಾಡುವ ಮೊದಲೇ ಬಾಗಿಲು ಬಡಿದರು. ತಲೆಯಿಂದ ಕಾಲಿನ ತನಕ ಬಿಳಿ ಸೂಟು ಹಾಕಿದವನೊಬ್ಬ ನನ್ನ ಕಾರ್ಡಿನ ನಂಬರು ಕೂಗಿದ.

“ನನಗೆ ರೋಗ ಇಲ್ಲ,” ಎಂದೆ.

“ಮತ್ತೆ ಯಾರಿಗಿದೆ?” ಎಂದ.

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗಲಾರೆ, ಉಗುಳಲಾರೆ. ಯಾರಿಗೆ ಎಂದರೆ ಸಿಮ್ಮಿನ ಕಥೆ ಹೇಳಬೇಕು. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ನೋಟೀಸೇ ಅಂಟಿಸಿದ್ದರು: ಒಬ್ಬರ ಕಾರ್ಡಿನ ಸಿಮ್ಮನ್ನು ಇನ್ನೊಬ್ಬರು ಬಳಸಿದರೆ ಇಬ್ಬರ ಮೇಲೂ ವಿಚಾರಣೆ, ವಿಚಾರಣೆ ಮುಗಿಯುವ ತನಕ ಇಬ್ಬರೂ ದೇಶ ಬಿಡುವಂತಿಲ್ಲ. ನಾನು ಭಾವನ ಕಡೆ ನೋಡಿದೆ. ಅವರು ನೆಲ ನೋಡಿದರು. ಜ್ವರದಿಂದ ಕೆಂಪಾದ ಕಿವಿ, ಗಡ್ಡ ಬೆಳೆದ ಮುಖ. ನಾನು ಚೀಲ ಎತ್ತಿಕೊಂಡೆ.

ನನ್ನ ಲೆಕ್ಕ ಇಷ್ಟೇ ಇತ್ತು: ಶೆಡ್ಡಿನಲ್ಲಿ ನನ್ನನ್ನು ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ, ಇಲ್ಲ ಎಂದು ಬರುತ್ತದೆ, ಬಿಡುತ್ತಾರೆ, ಗುರುವಾರ ನಾನು ವಿಮಾನ ಹತ್ತುತ್ತೇನೆ. ಭಾವ ರೂಮಿನಲ್ಲಿ ಹೊದ್ದು ಮಲಗಿ ಗುಣವಾಗುತ್ತಾರೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇಲ್ಲಿ ದೈವಕ್ಕೆ ಕೆಲಸವೇ ಇರಲಿಲ್ಲ, ಯಂತ್ರವೇ ಎಲ್ಲವನ್ನೂ ಬಗೆದಿತ್ತು.

ಶೆಡ್ಡು ಎಂದರೆ ಹಿಂದೆ ವಸ್ತುಪ್ರದರ್ಶನ ನಡೆಯುತ್ತಿದ್ದ ದೊಡ್ಡ ಹಾಲು. ಎದೆಯೆತ್ತರದ ಹಲಗೆ ನಿಲ್ಲಿಸಿ ಗೂಡುಗೂಡಾಗಿ ಮಾಡಿದ್ದರು. ಒಂದು ಗೂಡಿಗೆ ಒಂದು ಮಂಚ, ಒಂದು ಬಕೆಟ್ಟು, ಒಂದು ಪ್ಲಾಸ್ಟಿಕ್ ಕುರ್ಚಿ. ಸೂರಿನ ದೀಪಗಳನ್ನು ಆರಿಸುತ್ತಲೇ ಇರಲಿಲ್ಲ. ಕಿಟಕಿಗಳು ಚಾವಣಿಗೆ ಹತ್ತಿರ ಇದ್ದವು, ಅವುಗಳಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಾಲ್ಕೂ ಕಡೆಯಿಂದ ಕೆಮ್ಮು. ನನ್ನ ಎಡಗಡೆಯ ಗೂಡಿನಲ್ಲಿ ಒಬ್ಬ ಕ್ಷೌರಿಕ, ಎದುರಿಗೆ ಒಬ್ಬ ವಯಸ್ಸಾದ ಪೇಂಟರು. ನಾನು ಮುಖಕ್ಕೆ ಎರಡು ಮಾಸ್ಕು ಹಾಕಿ, ಮೇಲೆ ಟವೆಲು ಸುತ್ತಿ, ಆದಷ್ಟು ಕಡಿಮೆ ಉಸಿರಾಡಲು ನೋಡುತ್ತಿದ್ದೆ.

“ಉಸಿರನ್ನೂ ಉಳಿತಾಯ ಮಾಡ್ತೀರಲ್ಲ,” ಎಂದು ಕ್ಷೌರಿಕ ನಕ್ಕ. “ಬ್ಯಾಂಕಿಗೆ ಹಾಕ್ತೀರಾ?”

ಸಿಸ್ಟರಿಗೆ ಹೇಳಿದೆ, ನನಗೆ ರೋಗ ಇಲ್ಲ, ಇನ್ನೊಮ್ಮೆ ನೋಡಿ ಎಂದು. ಮುಖಗವಸಿನ ಹಿಂದೆ ಅವರ ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. “ಇಲ್ಲಿ ಎಲ್ಲರೂ ಹಾಗೇ ಹೇಳ್ತಾರೆ,” ಎಂದರು. ಮರುಪರೀಕ್ಷೆಗೆ ಒಂದು ಗಡುವು ಇತ್ತು. ಅದು ಗುರುವಾರ ದಾಟಿದ ಮೇಲೆ. ಆರೋಗ್ಯವಂತ ಎಂದು ಸಾಬೀತು ಮಾಡುವುದಕ್ಕೆ ರೋಗಿಗಳ ನಡುವೆ ಅಷ್ಟು ದಿನ ಕೂರಬೇಕು. ನನಗೆ ಬಂದ ಸಿಟ್ಟಿಗೆ ಆ ಹಲಗೆಗಳನ್ನೆಲ್ಲ ಒದ್ದು ಬೀಳಿಸಬೇಕು ಅನ್ನಿಸಿತು. ಒದ್ದರೂ ಪಕ್ಕದ ಗೂಡಿಗೇ ಹೋಗಿ ಬೀಳುತ್ತಿದ್ದೆ.

ಭಾವನಿಗೆ ಫೋನು ಮಾಡಿದೆ.

“ಗುರುವಾರ ನಾನು ಹೊರಡ್ತೀನಿ ಕಣೋ,” ಎಂದರು.

“ಏನು ಹೇಳ್ತಿದ್ದೀರಿ ಭಾವ? ನಿಮಗೆ ಜ್ವರ.”

“ಬಿಟ್ಟಿದೆ. ಮಾತ್ರೆ ತಗೊಂಡೆ.”

“ಮಾತ್ರೆಗೆ ಬಿಟ್ಟ ಜ್ವರಾನಾ, ತಾನಾಗೇ ಬಿಟ್ಟ ಜ್ವರಾನಾ?”

“ಜ್ವರಕ್ಕೇನು ಮನಸ್ಸಿರುತ್ತಾ, ತಾನಾಗೇ ಬಿಡೋಕೆ? ನನ್ನ ಆ್ಯಪು ಹಸಿರಿದೆ. ಹಸಿರಿರೋವಾಗ ಹೋಗದೆ ಇಲ್ಲಿ ಕೂತ್ಕೊಳ್ಳಲಾ?”

“ಹಸಿರು ನಿಮ್ಮದಲ್ಲ ಭಾವ, ನನ್ನದು. ನನ್ನ ಕೆಂಪು ನಿಮ್ಮದು.”

“ನೀನಂತೂ ಬರೋ ಹಾಗಿಲ್ಲ. ನಾನೂ ಹೋಗದಿದ್ರೆ ಅವಳ ಹತ್ರ ಯಾರು ಇರ್ತಾರೆ ಹೇಳು. ಹೆಸರು ಹೇಳು ಒಂದು.”

“ಊರಲ್ಲಿ ಹೋಟೆಲಿನಲ್ಲಾದ್ರೂ ಕೂತ್ಕೊಳ್ಳಿ. ಆ ವಿನಾಯಿತಿ ಪತ್ರ ತೋರಿಸ್ಬೇಡಿ.”

“ಹೋಟೆಲಿನಲ್ಲಿ ಕೂರೋಕೆ ಊರಿಗೆ ಯಾಕೆ ಹೋಗ್ಬೇಕು? ಆಪರೇಷನ್ ಶುಕ್ರವಾರ. ಇಳಿದ ತಕ್ಷಣ ಆಸ್ಪತ್ರೆಗೇ ಹೋಗ್ತೀನಿ. ಮಾಸ್ಕು ಹಾಕ್ಕೊಂಡಿರ್ತೀನಿ. ಅವಳು ನನ್ನ ಹೆಂಡತಿ ಕಣೋ.”

“ನನಗೆ ಅಕ್ಕ,” ಎಂದೆ. ಫೋನು ಇಟ್ಟುಬಿಟ್ಟರು.

ಅಕ್ಕನಿಗೆ ಮಾಡಿದೆ, ಎಲ್ಲವನ್ನೂ ಹೇಳಿಬಿಡಬೇಕೆಂದೇ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. ಕಂಪನಿಯವರು ನಿನ್ನನ್ನು ಬಿಡಲಿಲ್ಲವಂತೆ, ನಿನ್ನ ಭಾವ ಹೇಳಿದರು, ಬೇಜಾರು ಮಾಡಿಕೊಳ್ಳಬೇಡ. ಅವರಾದರೂ ಬರುತ್ತಾರಲ್ಲ. ಮಾತಿನ ನಡುನಡುವೆ ಅವಳು ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. “ಮಗು ಮೇಲಕ್ಕೆ ಒತ್ತುತ್ತೆ ಕಣೋ, ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು. ಮಲಗಿದ್ರೂ ಅಷ್ಟೇ. ಅವರು ಬಂದು ಕಾಲ ಹತ್ರ ಕೂತ್ರೆ ಸಾಕು ನನಗೆ.” ಅವಳ ದನಿಯಲ್ಲಿ ಅಷ್ಟು ಸಮಾಧಾನ ಕೇಳಿ ಎಷ್ಟೋ ತಿಂಗಳಾಗಿತ್ತು. ನಾನು ಹೇಳಿದ್ದರೂ ಅವಳು ಬರಲಿ ಬಿಡು ಎನ್ನುತ್ತಿದ್ದಳು. ಅದು ನನಗೆ ಗೊತ್ತಿತ್ತು. ಹುಷಾರು ಎಂದಷ್ಟೇ ಹೇಳಿ ಫೋನು ಇಟ್ಟೆ.

ಬುಧವಾರ ಬೆಳಿಗ್ಗೆ ಎದುರಿನ ಪೇಂಟರು ಮಂಚದ ಮೇಲೆ ಕೂತು ನನಗೆ ಗೋಡೆಯ ಬಣ್ಣಗಳ ಬಗ್ಗೆ ಭಾಷಣ ಮಾಡಿದರು. ಇಂಥ ಹಾಲಿಗೆ ತಿಳಿಹಳದಿ ಹೊಡೆಯಬೇಕಿತ್ತು, ಬಿಳಿ ಹೊಡೆದು ಕೆಡಿಸಿದ್ದಾರೆ ಎಂದು ಬೈದರು. ಮಧ್ಯಾಹ್ನದ ಊಟ ತಂದಾಗ ಅವರು ತಟ್ಟೆ ಮುಟ್ಟಲಿಲ್ಲ. ಎದೆ ಹತ್ತುತ್ತಿತ್ತು, ಇಳಿಯುತ್ತಿತ್ತು, ಬಾಯಿ ತೆರೆದಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಆರು ಅಡಿ ದೂರದಲ್ಲಿ ಕೂತು ನಾನು ನೋಡಿದೆ. ಸಿಸ್ಟರುಗಳು ಓಡಿ ಬಂದು ಗಾಲಿ ಮಂಚದ ಮೇಲೆ ಹಾಕಿಕೊಂಡು ಹೋದರು. ಸಂಜೆಗೆ ಮೊದಲು ಒಬ್ಬಾತ ಬಂದು ಅವರ ಹಾಸಿಗೆಯ ಹೊದಿಕೆ ತೆಗೆದು ಚೀಲಕ್ಕೆ ತುಂಬಿದ. ಕ್ಷೌರಿಕ ಆ ದಿನ ಒಂದು ಜೋಕೂ ಹೇಳಲಿಲ್ಲ.

ನನ್ನ ಕಣ್ಣಿಗೆ ಆ ಬಾಯಿ ಅಕ್ಕನದಾಗಿ ಕಾಣತೊಡಗಿತು. ಎರಡು ಮೆಟ್ಟಿಲಿಗೆ ಏದುಸಿರು ಬಿಡುವವಳು, ಹೊಟ್ಟೆ ಕೊಯ್ಸಿಕೊಂಡು ಮಲಗಿದವಳು, ಕಾಲ ಹತ್ತಿರ ಭಾವ. ನಾನು ಹೆದರಿದೆ. ಹುಟ್ಟಿದ ಮೇಲೆ ಅಷ್ಟು ಹೆದರಿದ್ದು ಅದೇ ಮೊದಲು.

ಗುರುವಾರ ಬೆಳಿಗ್ಗೆ ಭಾವ ವಿಮಾನ ನಿಲ್ದಾಣದಿಂದ ಫೋನು ಮಾಡಿದರು. ಜಗಳ ಮರೆತೇ ಹೋಗಿತ್ತು ಅವರಿಗೆ. ಮದುವೆಗೆ ಹೊರಟ ಹುಡುಗನ ದನಿ.

“ಬಾಗಿಲಲ್ಲಿ ಆ್ಯಪು ನೋಡಿದ್ರು, ಬಿಟ್ರು. ಹಣೆಗೆ ಅದೇನೋ ಹಿಡಿದು ನೋಡಿದ್ರು, ಬಿಟ್ರು. ನಾನು ಹೇಳಿರಲಿಲ್ವಾ, ಜ್ವರ ಇಲ್ಲ ಅಂತ? ಈಗ ಸಾಮಾನು ಹಾಕೋ ಸಾಲಲ್ಲಿದ್ದೀನಿ. ಅವಳಿಗೆ ನಿನ್ನ ಕಡೆಯಿಂದ ಏನು ಹೇಳ್ಲಿ?”

“ಭಾವ, ಕೈ ಮುಗೀತೀನಿ. ಹೋಗ್ಬೇಡಿ.”

“ಬೋರ್ಡಲ್ಲಿ ನಮ್ಮ ವಿಮಾನದ ನಂಬರು ಬಂತು ನೋಡು,” ಎಂದರು, ನಾನಂದದ್ದು ಕೇಳಿಸದವರಂತೆ. ಹಿಂದಿನಿಂದ ಯಾರೋ ಮುಂದೆ ಹೋಗಿ ಎಂದರು. ಫೋನು ಕಟ್ಟಾಯಿತು.

ಅಡಕತ್ತರಿಗೆ ಸಿಕ್ಕ ಅಡಕೆಯಾಗಿದ್ದೆ. ಸುಮ್ಮನಿದ್ದರೆ ರೋಗ ಅಕ್ಕನ ಹತ್ತಿರ ಹೋಗುತ್ತದೆ. ಬಾಯಿ ಬಿಟ್ಟರೆ ಅಕ್ಕನ ಹತ್ತಿರ ಯಾರೂ ಹೋಗುವುದಿಲ್ಲ. ಇದರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಹೇಳುವವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ. ಖಾಲಿಯಾದ ಎದುರಿನ ಮಂಚದ ಕಡೆ ಒಮ್ಮೆ ನೋಡಿ ಎದ್ದೆ. ಸಿಸ್ಟರ ಮೇಜಿನ ತನಕ ನಡೆದೆ. ಗೆರೆ ದಾಟಬೇಡಿ ಎಂದು ಅವರು ಕೂಗಿದರು. ದಾಟಿದೆ. ಸಿಮ್ಮಿನಿಂದ ಹಿಡಿದು ಸಾಮಾನಿನ ಸಾಲಿನ ತನಕ ಎಲ್ಲವನ್ನೂ ಹೇಳಿದೆ. ಮೊದಲು ಅವರಿಗೆ ಬೇಸರ, ಆಮೇಲೆ ಅನುಮಾನ, ಆಮೇಲೆ ಕಣ್ಣು ದೊಡ್ಡದಾಯಿತು. ಫೋನು ಎತ್ತಿಕೊಂಡರು. ಹಾಲಿಗೆ ಬಂದ ಲಾಗಾಯ್ತು ಯಾವ ಕೆಲಸವೂ ಅಷ್ಟು ಬೇಗ ಆದದ್ದನ್ನು ನಾನು ಕಂಡಿರಲಿಲ್ಲ.

ಸಂಜೆಗೆ ಭಾವನನ್ನು ಕರೆತಂದರು. ಸೂಟ್‌ಕೇಸಿನ ಹಿಡಿಗೆ ವಿಮಾನದ ಚೀಟಿ ಕಟ್ಟಿಯೇ ಇತ್ತು. ಕ್ಷೌರಿಕನನ್ನು ಬೇರೆ ಗೂಡಿಗೆ ಕಳಿಸಿ ಅವರಿಗೆ ನನ್ನ ಪಕ್ಕದ ಗೂಡೇ ಕೊಟ್ಟರು, ಇಬ್ಬರದೂ ಒಂದೇ ಕೇಸು ಎಂದು. ಅವರು ಚೀಲ ಇಟ್ಟರು, ಬೂಟು ಬಿಚ್ಚಿದರು, ನನ್ನ ಕಡೆ ಬೆನ್ನು ಮಾಡಿ ಮಲಗಿದರು. “ಭಾವ,” ಎಂದೆ. ಹಲಗೆಗೆ ಕಿವಿಯಿದ್ದರೆ ಅದಾದರೂ ಓಗೊಡುತ್ತಿತ್ತೇನೋ. ಆ ಬೆನ್ನು ನೋಡಿ ನನಗೆ ಅಳು ಬಂತು, ಅತ್ತುಬಿಟ್ಟೆ.

ಒಬ್ಬ ಅಧಿಕಾರಿ ಬಂದು ಇಬ್ಬರಿಂದಲೂ ಸಹಿ ಹಾಕಿಸಿಕೊಂಡು ಹೋದ. ವಿಚಾರಣೆ ಮುಗಿಯುವ ತನಕ ದೇಶ ಬಿಡುವಂತಿಲ್ಲ. ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ಕಚೇರಿ ತೆರೆದ ಮೇಲೆ ಶುರುವಾಗುತ್ತದೆ ಎಂದ. ಕಚೇರಿ ಯಾವಾಗ ತೆರೆಯುತ್ತದೆ ಎಂದು ಕೇಳಿದೆ. ಅವನು ಪೆನ್ನನ್ನು ಔಷಧಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡ. ಹೊರಟ.

ಆವತ್ತೇ ಇಬ್ಬರ ಮೂಗಿಗೂ ಕಡ್ಡಿ ಹಾಕಿದ್ದರು, ಈ ಸಲ ಕಾರ್ಡು ನೋಡಿ. ಶುಕ್ರವಾರ ಮಧ್ಯಾಹ್ನ ಸಿಸ್ಟರು ಬಂದು ಓದಿದರು. ಭಾವನಿಗೆ ಸೋಂಕು ಇಲ್ಲ. ನನಗೆ ಇದೆ.

“ಅದಲುಬದಲು ಆಗಿರಬೇಕು, ಸಿಸ್ಟರ್,” ಎಂದೆ.

ಅವರು ಕಾರ್ಡಿನ ನಂಬರು ಒಂದೊಂದೇ ಅಂಕಿಯಾಗಿ ಓದಿದರು. ಅದಲುಬದಲು ಆಗಿರಲಿಲ್ಲ. ಭಾವನ ರೋಗ ಬಂದದ್ದೂ ಸತ್ಯ, ಹೋದದ್ದೂ ಸತ್ಯ. ನಾನು ಮಾತ್ರ ಟವೆಲು ಸುತ್ತಿಕೊಂಡೂ ಅದನ್ನು ಗಳಿಸಿಕೊಂಡಿದ್ದೆ, ಭಾವನ ಹಾಸಿಗೆಯಿಂದಲೋ ಈ ಹಾಲಿನಿಂದಲೋ. ಒಂದು ಸಲ ಇಲ್ಲ ಬಂದರೆ ಸಾಲದು, ಇನ್ನೊಂದು ಸಲವೂ ಇಲ್ಲ ಬರಬೇಕು ಎಂದು ಹೇಳಿ ಸಿಸ್ಟರು ಭಾವನನ್ನೂ ಅಲ್ಲೇ ಉಳಿಸಿದರು.

ಭಾವ ಆಗ ನನ್ನ ಕಡೆ ತಿರುಗಿದರು. ನೋಡಿದರು. ಹೋಗಬಹುದಿತ್ತು ಅಲ್ಲವೇನೋ ಎಂಬ ಮಾತು ಅವರ ಮುಖದ ಮೇಲೆ ಇತ್ತು. ಹೋಗಬಹುದಿತ್ತು, ಹೌದು. ಆದರೆ ಆ ಗುರುವಾರ ಬೆಳಿಗ್ಗೆ ಅವರ ಎದೆಯೊಳಗೆ ಏನಿದೆ ಎಂದು ಯಾರು ನೋಡಿದ್ದರು? ಅವರು ನೋಡಿದ್ದರೇ? ಇವತ್ತಿಗೂ ಯಾರಾದರೂ ನನ್ನದು ತಪ್ಪು ಎಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಸರಿ ಎಂದು ಬೆನ್ನು ತಟ್ಟಿದರೂ ಜಗಳಕ್ಕೇ ನಿಲ್ಲುತ್ತೇನೆ.

ಆಪರೇಷನ್ ಶುಕ್ರವಾರ ಬೆಳಿಗ್ಗೆಯೇ ಇತ್ತು. ಅಕ್ಕನ ಫೋನು ಎತ್ತುವವರಿಲ್ಲ. ಭಾವ ಮಂಚದ ಅಂಚಿನಲ್ಲಿ ಕೂತು ಅದೇ ನಂಬರು ಒತ್ತುತ್ತಿದ್ದರು, ನಾನು ಹಲಗೆಯ ಈಚೆ ನಿಂತು ಅವರ ಬೆರಳು ನೋಡುತ್ತಿದ್ದೆ. ನನ್ನ ಮೈ ಕೈ ಮುರಿದು ಬೀಳುವಂತೆ ನೋಯುತ್ತಿತ್ತು, ಆದರೂ ಮಲಗಲು ಮನಸ್ಸಾಗಲಿಲ್ಲ. ಶನಿವಾರ ಮಧ್ಯಾಹ್ನ ಅವರ ಫೋನೇ ಮೊಳಗಿತು, ವಿಡಿಯೋ ಕಾಲು.

ಅಕ್ಕನ ಮುಖ. ತುಟಿ ಒಣಗಿತ್ತು, ಕೂದಲು ಹಣೆಗೆ ಅಂಟಿತ್ತು. ಅವಳು ಫೋನನ್ನು ಪಕ್ಕಕ್ಕೆ ತಿರುಗಿಸಿದಳು. ಬಟ್ಟೆಯೊಳಗೆ ಮುಷ್ಟಿ ಬಿಗಿ ಹಿಡಿದ ಒಂದು ಹೆಣ್ಣುಮಗು. ಭಾವ ಬಾಯಿಗೆ ಟವೆಲು ತುರುಕಿಕೊಂಡು ಅತ್ತರು. ಸುತ್ತಲಿನ ಗೂಡುಗಳಿಂದ ತಲೆಗಳು ಎದ್ದವು, ಕ್ಷೌರಿಕ ದೂರದಿಂದಲೇ ಚಪ್ಪಾಳೆ ತಟ್ಟಿದ.

“ವಿಮಾನ ಹೇಗೆ ತಪ್ಪಿತು ಅಂತ ನೀವು ಸರಿಯಾಗಿ ಹೇಳಲೇ ಇಲ್ಲ,” ಎಂದಳು ಅಕ್ಕ.

ಭಾವ ಅವಳ ಹತ್ತಿರ ನನ್ನ ಹೆಸರು ಎತ್ತಿರಲಿಲ್ಲ. ನಾನು ಹಲಗೆಯ ಮೇಲಿಂದ ಬಗ್ಗಿದೆ.

“ತಪ್ಪಿದ್ದಲ್ಲ ಅಕ್ಕ. ನಾನು ತಪ್ಪಿಸಿದ್ದು.” ಎಲ್ಲ ಹೇಳಿದೆ, ಭಾವನಿಗೆ ರೋಗ ಬಂದದ್ದನ್ನೂ, ಅದು ಹೋಗಿದ್ದದ್ದನ್ನೂ.

ಮಗು ಒಂದು ಸಲ ಕುಂಯ್ ಎಂದಿತು.

“ಒಳಗೆ ಕರ್ಕೊಂಡು ಹೋಗೋಕೆ ಮೊದಲು ಒಂದು ಕಾಗದ ತಂದ್ರು,” ಎಂದಳು ಅಕ್ಕ, ನನ್ನ ಕಡೆ ನೋಡದೆ. “ನನಗೇನಾದ್ರೂ ಆದ್ರೆ ಆಸ್ಪತ್ರೆಯವರು ಜವಾಬ್ದಾರರಲ್ಲ ಅಂತ. ಮನೆಯವರು ಸಹಿ ಹಾಕ್ಬೇಕು ಅಂದ್ರು. ಮನೆಯವರು ಎಲ್ಲಿ ಅಂದ್ರು. ನಾನೇ ಹಾಕಿದೆ. ರೋಗಿಗೂ ನಿಮಗೂ ಏನು ಸಂಬಂಧ ಅಂತ ಒಂದು ಜಾಗ ಇತ್ತು. ನಾನೇ ಅಂತ ಬರೆದೆ. ಹಾಗೆ ಬರೆಯೋ ಹಾಗಿಲ್ಲಮ್ಮ, ಅಂದ್ಲು ನರ್ಸು. ಮತ್ತೆ ಯಾರನ್ನ ಬರೀಲಿ ನೀನೇ ಹೇಳು, ಅಂದೆ.”

“ಅಕ್ಕ,” ಎಂದೆ. ಗಂಟಲಿನಿಂದ ಬಂದದ್ದು ನನ್ನ ದನಿಯೇ ಅಲ್ಲ.

ಅವಳು ಈಗ ನನ್ನನ್ನು ನೋಡಿದಳು. “ಯಾಕೋ, ದನಿ ಹಾಗಿದೆ?”

“ಏನಿಲ್ಲ.”

“ಜ್ವರ ಇದೆಯಾ?”

“ಇಲ್ಲ ಅಕ್ಕ.”

“ಇದೆ,” ಎಂದರು ಭಾವ. ಹಾಲಿಗೆ ಬಂದ ಮೇಲೆ ನನ್ನ ವಿಷಯದಲ್ಲಿ ಅವರು ಆಡಿದ ಮೊದಲ ಮಾತು ಅದು. “ನಿನ್ನೆಯಿಂದ ಇದೆ. ಊಟ ಮಾಡಿಲ್ಲ. ಹಾಗೇ ನಿಂತೇ ಇದ್ದಾನೆ.”

ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಲು ಕೈ ಎತ್ತಲೂ ಅವಳಿಗೆ ಆಗುತ್ತಿರಲಿಲ್ಲ.

“ಹಣೆಗೆ ಒದ್ದೆ ಬಟ್ಟೆ ಹಾಕಿ ಅವನಿಗೆ,” ಎಂದು ಭಾವನಿಗೆ ಹೇಳಿದಳು. “ಜ್ವರ ಇಳೀಲಿ, ಆಮೇಲೆ ಬೈತೀನಿ ಅಂತ ಹೇಳಿ.”